ಮಿಕು ಅವರ ಆಟವೂ ಅರಿಸಮಾಸದ ಪ್ರಶ್ನೆಯೂ

ಆಟಗಾರನ ಯೋಗ್ಯತೆಯನ್ನು ಅಂಕಿಗಳಿಂದ ತೂಗುವುದು ಲೋಕದ ರೂಢಿ. ಕಾಲ್ಚೆಂಡಾಟದಲ್ಲಿ ಗೋಲು ಹೊಡೆಯುವುದಕ್ಕೆಂದೇ ಮುಂಚೂಣಿಯಲ್ಲಿ ನಿಲ್ಲುವ ಸ್ಟ್ರೈಕರನಿಗಂತೂ ಈ ತಕ್ಕಡಿಯಿಂದ ಬಿಡುಗಡೆಯೇ ಇಲ್ಲ. ಅವನು ಪರದೇಶದಿಂದ ಸಂಬಳಕ್ಕೆ ಬಂದವನಾದರೆ ತೂಕ ಇನ್ನಷ್ಟು ಬಿಗಿಯಾಗುವುದು; ಕೊಟ್ಟ ಹಣಕ್ಕೆ ಎಷ್ಟು ಗೋಲು ಬಂದುವೆಂದು ಕೇಳಿ, ಲೆಕ್ಕ ಮುಗಿಸಿ, ಜನರು ಮನೆಗೆ ಹೋಗುವರು. ಆದರೆ ಲೆಕ್ಕವು ಬೇರೆ, ವಿಮರ್ಶೆ ಬೇರೆ. ಬೆಂಗಳೂರು ಎಫ್‌ಸಿ ತಂಡಕ್ಕಾಗಿ 2017ರಿಂದ 2019ರವರೆಗೆ ಆಡಿದ ವೆನೆಜುವೆಲ ದೇಶದ ನಿಕೊಲಾಸ್ ಫೆಡೋರ್, ಜನರ ಬಾಯಲ್ಲಿ ಮಿಕು, ಇವರ ಆಟವನ್ನು ಅಂಕಿಗಳಾಚೆಗೆ ನಿಂತು ನೋಡತಕ್ಕದ್ದು ಅವಶ್ಯವಾಗಿದೆ. ಏಕೆಂದರೆ ಅವರ ನಿಮಿತ್ತವಾಗಿ ನಮ್ಮ ನಾಡಿನಲ್ಲಿ ಎದ್ದ ಪ್ರಶ್ನೆಯು ಆಟವೊಂದಕ್ಕೇ ಸೇರಿದುದಲ್ಲ: ಹೊರಗಿನಿಂದ ಬಂದವನು ಒಳಗಿನವರ ಬಲವನ್ನು ಬೆಳೆಸುವನೋ, ಅವರ ಎಡೆಯನ್ನು ಕಸಿಯುವನೋ?

ಮಿಕು ಅವರು 1985ರಲ್ಲಿ ವೆನೆಜುವೆಲದ ರಾಜಧಾನಿಯಾದ ಕರಾಕಸ್ ನಗರದಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲಿಯೇ ಸ್ಪೇನ್ ದೇಶದ ವಲೆನ್ಸಿಯಾ ಸಂಸ್ಥೆಯಲ್ಲಿ ಆಟವನ್ನು ಕಲಿತು, ಮುಂದೆ ಗೆಟಾಫೆ ತಂಡದಲ್ಲಿ ನೆಲೆ ಕಂಡು, ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡಕ್ಕೆ ಒಂದು ಋತುವಿನ ಮಟ್ಟಿಗೆ ಎರವಲಾಗಿ ಹೋಗಿ, ಕತಾರಿನಲ್ಲಿ ಆಡಿ, ಮತ್ತೆ ಸ್ಪೇನಿನ ರಾಯೊ ವಯೆಕಾನೊ ತಂಡಕ್ಕೆ ಬಂದರು. ತಮ್ಮ ದೇಶವು 2011ರ ಕೋಪಾ ಅಮೆರಿಕಾ ಪಂದ್ಯಾವಳಿಯಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆದಾಗ ಆ ತಂಡದಲ್ಲಿ ಅವರಿದ್ದರು. 2017ರಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ಬೆಂಗಳೂರಿಗೆ ಬಂದರು.

ಇಷ್ಟು ಊರುಗಳನ್ನು ಸುತ್ತಿದವನಿಗೆ ಯಾವ ಊರಿನ ಮೇಲೆ ಮಮತೆಯಿದ್ದೀತೆಂದು ಕೇಳುವವರುಂಟು. ಈ ಸಂಶಯಕ್ಕೆ ಉತ್ತರವನ್ನು ತರೀಕೆರೆಯವರು ದೂರ ಹುಡುಕಬೇಕಾಗಿಲ್ಲ. ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಅಮಿತಯ್ಯ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆಯಷ್ಟೆ. ಅಲ್ಲಿ ಕೆಲಸಮಾಡಿದ ರೂವಾರಿ ಮಲ್ಲಿತಮ್ಮನ ಹೆಸರು ಹದಿಮೂರನೆಯ ಶತಮಾನದ ಸೋಮನಾಥಪುರದ ಕಲ್ಲುಗಳ ಮೇಲೆಯೂ ಕಾಣುವುದು. ಕೆಲಸವಿದ್ದೆಡೆಗೆ ಉಳಿ ಹೊತ್ತು ನಡೆದವನು ಅವನು. ಅಮೃತಾಪುರದ ಮುಂದೆ ನಿಂತ ಯಾತ್ರಿಕನು ಈ ಶಿಲ್ಪಿಯು ಯಾವ ಊರಿನವನೆಂದು ಕೇಳುವುದಕ್ಕೆ ಮೊದಲು ಕೆತ್ತನೆಯನ್ನು ನೋಡುತ್ತಾನೆ. ಕಸುಬಿನವನ ನಿಷ್ಠೆಯು ಕಸುಬಿನಲ್ಲಿ ಕಾಣತಕ್ಕದ್ದು. ಆಟವನ್ನೇ ಜೀವನೋಪಾಯವಾಗಿ ಹಿಡಿದವನಿಗೂ ಇದೇ ನ್ಯಾಯ ಸಲ್ಲಬೇಕು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕನ್ನಡದ ವ್ಯಾಕರಣಕಾರರು ಇಂಥದೇ ಪ್ರಶ್ನೆಯನ್ನು ಪದಗಳ ವಿಷಯದಲ್ಲಿ ಬಹುಕಾಲದ ಹಿಂದೆಯೇ ಎದುರಿಸಿದ್ದರು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಕೂಡಿಸಿ ಸಮಾಸ ಮಾಡಲಾಗದೆಂದು ವಿಧಿಸಿ, ಅಂಥ ಕೂಟವನ್ನು ಅರಿಸಮಾಸವೆಂದು ಕರೆದನು. ಒಂದಕ್ಕೊಂದು ಹಗೆಯಾದ ಪದಗಳ ಸಂಬಂಧವೆಂದು ಅದರ ಭಾವ. ಆದರೂ ಪೂರ್ವಕವಿಗಳು ಬಳಸಿದವನ್ನೂ ಬಿರುದಾವಳಿಯಲ್ಲಿ ಬರುವವನ್ನೂ ಅವನೇ ಒಪ್ಪಿಕೊಂಡನು. ಶಾಸ್ತ್ರವು ತಡೆದರೂ ಬಳಕೆಯು ನಿಲ್ಲಲಿಲ್ಲ. ಮಳೆಗಾಲವೆಂದೂ ದಿನಗೂಲಿಯೆಂದೂ ಹೇಳದೆ ಒಕ್ಕಲುಮನೆಯ ಒಂದು ದಿನವಾದರೂ ಸಾಗೀತೆ? ಅನ್ಯದೇಶ್ಯಗಳ ಮಾತೂ ಹಾಗೆಯೇ. ತರೀಕೆರೆಯ ಸಂತೆಗೆ ಬಂದವನು "ಬೀರೂರಿನಿಂದ ರೈಲಿನಲ್ಲಿ ಬಂದೆ" ಎನ್ನುವಾಗ ರೈಲು ಹೊರಗಿನ ಮಾತೆಂದು ಅವನ ನಾಲಗೆ ತಡೆಯುವುದಿಲ್ಲ. ಕನ್ನಡದ ವಿಭಕ್ತಿಯನ್ನು ಹೊತ್ತ ಮೇಲೆ ಆ ಪದವು ಕನ್ನಡ ವಾಕ್ಯದ ಕೆಲಸವನ್ನೇ ಮಾಡುತ್ತದೆ. ಆದುದರಿಂದ ಪರಕೀಯ ಪದದ ಪರೀಕ್ಷೆ ಎರಡು ವಿಧ: ಅದು ಈ ವಾಕ್ಯದ ವಿಭಕ್ತಿಯನ್ನು ಹೊತ್ತಿತೆ? ಪಕ್ಕದ ಪದದ ಅರ್ಥವನ್ನು ಕೆಡಿಸದೆ ನಡೆಯಿತೆ? ಮಿಕು ಅವರ ಆಟಕ್ಕೂ ಇವೆರಡನ್ನೇ ಹಚ್ಚಿ ನೋಡಬಹುದು.

2013ರಲ್ಲಿ ಸ್ಥಾಪಿತವಾದ ಬೆಂಗಳೂರು ತಂಡವು ಎರಡು ಸಲ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಗಿ, 2017-18ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಪ್ರವೇಶಿಸಿತು. ತಂಡದ ನಾಯಕರೂ ಗೋಲಿನ ಆಶ್ರಯವೂ ಸುನಿಲ್ ಛೆತ್ರಿಯವರಾಗಿದ್ದರು. ನಡುವಿನ ಸ್ಥಾನಕ್ಕೆ ಮಿಕು ಬಂದಾಗ ಛೆತ್ರಿಯವರು ಅನೇಕ ಪಂದ್ಯಗಳಲ್ಲಿ ಪಕ್ಕಕ್ಕೆ ಸರಿದು ಆಡಬೇಕಾಯಿತು. ಅತಿಥಿಗಾಗಿ ಮನೆಯ ಯಜಮಾನನನ್ನು ಜಗಲಿಗೆ ಕಳಿಸಿದರೆಂಬ ಆಕ್ಷೇಪಕ್ಕೆ ಇಲ್ಲಿ ಆಸ್ಪದವುಂಟು. ಆದರೆ ಆ ಋತುವಿನ ಕೊನೆಗೆ ಮಿಕು ಅವರ ಗೋಲುಗಳು 15, ಛೆತ್ರಿಯವರವು 14. ಒಬ್ಬನು ಉಂಡು ಇನ್ನೊಬ್ಬನು ಹಸಿದ ಲಕ್ಷಣವು ಇದಲ್ಲ. ಮಿಕು ಅವರ ಆಟದ ಸ್ವರೂಪದಲ್ಲಿಯೇ ಇದರ ಕಾರಣವಿದೆ. ಅವರು ಗೋಲಿಗೆ ಬೆನ್ನು ಮಾಡಿ ನಿಂತು, ಮೈಮೇಲೆ ಬೀಳುವ ರಕ್ಷಕನನ್ನು ಭುಜದಿಂದ ತಡೆದು, ಚೆಂಡನ್ನು ಕ್ಷಣಕಾಲ ಹಿಡಿದಿಡಬಲ್ಲವರು. ಆ ಕ್ಷಣದಲ್ಲಿ ಎದುರಾಳಿಗಳಿಬ್ಬರು ಅವರತ್ತ ಸೆಳೆಯಲ್ಪಟ್ಟರೆ, ಪಕ್ಕದಿಂದ ಓಡಿ ಬರುವ ಛೆತ್ರಿಯವರಿಗೆ ದಾರಿ ತೆರೆಯುವುದು. ಗೋಲಿನ ಲೆಕ್ಕದಲ್ಲಿ ಈ ಸೇವೆಯು ಕಾಣದು. ಆಟವನ್ನು ಕಂಡವರಿಗೆ ಕಾಣದೆ ಇರದು. ಪಕ್ಕದ ಪದದ ಅರ್ಥವನ್ನು ಕೆಡಿಸದೆ ಬೆಳಗಿಸಿದ ಪದವಿದು.

ಗೋಲುಗಳಲ್ಲಿಯೂ ಎಲ್ಲವೂ ಒಂದೇ ಬೆಲೆಯವಲ್ಲ. ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯದ ತತ್ತ್ವವನ್ನು ಇಲ್ಲಿ ನೆನೆಯಬೇಕು: ಯಾವ ಅಲಂಕಾರವೂ ತಕ್ಕ ಎಡೆಯಲ್ಲಿದ್ದರೆ ಮಾತ್ರ ಶೋಭೆ. 2018ರ ಮಾರ್ಚ್ 17ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಯಿನ್ ತಂಡದೊಡನೆ ಲೀಗಿನ ಅಂತಿಮ ಪಂದ್ಯ ನಡೆಯಿತು. ಛೆತ್ರಿಯವರು ಮೊದಲು ಗೋಲು ಹೊಡೆದರೂ ಚೆನ್ನೈಯಿನ್ ಮೂರು ಗೋಲುಗಳಿಂದ ಮುಂದಾಯಿತು. ನಿಗದಿತ ಕಾಲವು ಮುಗಿದ ಮೇಲೆ ಸೇರಿಸಿದ ನಿಮಿಷಗಳಲ್ಲಿ ಮಿಕು ಎರಡನೆಯ ಗೋಲನ್ನು ಹೊಡೆದರು. ಪಂದ್ಯವು 3-2ರಿಂದ ಕೈಬಿಟ್ಟಿತು. ಹದಿನೈದರಲ್ಲಿ ಒಂದಾಗಿ ಲೆಕ್ಕಕ್ಕೆ ಸೇರಿದ ಆ ಗೋಲು ಫಲಕ್ಕೆ ಸೇರಲಿಲ್ಲ.

ಒಂದು ತಿಂಗಳು ಕಳೆದ ಮೇಲೆ, ಏಪ್ರಿಲ್ 17ರಂದು, ಭುವನೇಶ್ವರದಲ್ಲಿ ಸೂಪರ್ ಕಪ್ಪಿನ ಉಪಾಂತ್ಯ ಪಂದ್ಯ. ಎದುರಾಳಿ ಮೋಹನ್ ಬಾಗಾನ್. ಬೆಂಗಳೂರು ಒಂದು ಗೋಲಿನಿಂದ ಹಿಂದಿದ್ದಿತು. ಎರಡನೆಯ ಅರ್ಧದ ಆರಂಭದಲ್ಲಿ ಆಟಗಾರನೊಬ್ಬನು ಹೊರಹಾಕಲ್ಪಟ್ಟು ಹತ್ತೇ ಮಂದಿ ಉಳಿದರು. ಆಗ ಮಿಕು ಒಂದಾದ ಮೇಲೊಂದರಂತೆ ಮೂರು ಗೋಲುಗಳನ್ನು ಹೊಡೆದರು; ನಾಲ್ಕನೆಯದನ್ನು ಛೆತ್ರಿ ಹೊಡೆದರು; ಪಂದ್ಯವು 4-2ರಿಂದ ಗೆದ್ದಿತು. ಮೂರು ದಿನಗಳ ಮೇಲೆ ಈಸ್ಟ್ ಬೆಂಗಾಲ್ ತಂಡವನ್ನು 4-1ರಿಂದ ಸೋಲಿಸಿ ಕಪ್ಪು ಬೆಂಗಳೂರಿಗೆ ಬಂದಿತು. ಜನಬಲ ಕುಂದಿದಾಗ, ಸಮಯ ಸಾಲದಾದಾಗ, ತಂಡವು ಹೊರಗಿನವನ ಹೆಗಲನ್ನು ನಂಬಿತು. ಆ ಹೆಗಲು ಬಾಗಲಿಲ್ಲ. ಬೆಂಗಳೂರಿಗಾಗಿ ಮಿಕು ಆಡಿದ ಆಟದಲ್ಲಿ ಅತ್ಯುತ್ತಮವಾದುದು ಇದೆಂದು ಹೇಳಲು ಅಡ್ಡಿಯಿಲ್ಲ. ವಿಭಕ್ತಿಯನ್ನು ಹೊತ್ತಿತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ದೋಷವನ್ನು ಹೇಳದ ವಿಮರ್ಶೆಯು ಹೊಗಳುಭಟ್ಟರ ಪಾಠವಾದೀತು. ಮರುವರ್ಷ, 2018-19ರಲ್ಲಿ, ಚೆನ್ನೈಯಿನ್ ವಿರುದ್ಧ ಮೊದಲ ಪಂದ್ಯವನ್ನು ತಮ್ಮ ಗೋಲಿನಿಂದಲೇ ಗೆಲ್ಲಿಸಿದ ಮಿಕು ಗಾಯದಿಂದ ಕೆಲಕಾಲ ಹೊರಗುಳಿದರು. ಋತುವಿನ ಒಟ್ಟು ಗೋಲುಗಳು ಐದಕ್ಕೆ ಇಳಿದುವು. ಮೂವತ್ತು ದಾಟಿದ ಆಟಗಾರನನ್ನು ದೂರದೇಶದಿಂದ ಕರೆತರುವಾಗ ಅವನ ಉತ್ತಮ ವರ್ಷಗಳು ಅನ್ಯರಿಗೆ ಸಂದಿರುವುವೆಂಬುದನ್ನು ಮರೆಯಬಾರದು. ಇಂಥವನ ಮೇಲೆ ಮನೆಯ ಭಾರವನ್ನೆಲ್ಲ ಹೊರಿಸಿದರೆ ಮನೆಯು ಒಂದೇ ಕಂಬದ ಮೇಲೆ ನಿಂತಂತೆ. ಆದರೆ ಆ ವರ್ಷ ಮನೆಯು ಬೀಳಲಿಲ್ಲ. ಉಪಾಂತ್ಯದಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಮೊದಲ ಸುತ್ತಿನಲ್ಲಿ ಸೋತಿದ್ದ ತಂಡಕ್ಕೆ ಮರುಸುತ್ತಿನ ಮೊದಲ ಗೋಲನ್ನು ಗಾಯದಿಂದ ಮರಳಿದ್ದ ಮಿಕು ಅವರೇ ತಂದರು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಗೋವಾ ತಂಡದ ಮೇಲೆ ಅಧಿಕ ಅವಧಿಯಲ್ಲಿ ಬಂದ ಏಕೈಕ ಗೋಲು ಮಿಕು ಅವರದೂ ಅಲ್ಲ, ಛೆತ್ರಿಯವರದೂ ಅಲ್ಲ. ಮೂಲೆಯಿಂದ ಚೆಂಡನ್ನು ಒದ್ದವರು ಸ್ಪೇನಿನ ಡಿಮಾಸ್ ಡೆಲ್ಗಾಡೊ. ತಲೆಯಿಂದ ಅದನ್ನು ಗೋಲಿಗೆ ಹೊಗಿಸಿದವರು ರಕ್ಷಕ ಸಾಲಿನ ರಾಹುಲ್ ಭೇಕೆ. ಪರದೇಶದ ಕಾಲು, ಸ್ವದೇಶದ ತಲೆ! ಇಂಥ ಕೂಟವನ್ನು ಅರಿಸಮಾಸವೆಂದು ಹಳಿಯಲು ಯಾರ ಮನಸ್ಸು ಒಪ್ಪೀತು?

ಅಲ್ಲದೆ ಇಲ್ಲಿ ದೇಶ್ಯ ಯಾವುದು, ಅನ್ಯದೇಶ್ಯ ಯಾವುದು ಎಂಬುದೂ ವಿಚಾರಾರ್ಹ. ಬೆಂಗಳೂರು ತನ್ನವರೆಂದು ಮೆರೆಸುವ ಛೆತ್ರಿಯವರು ಸಿಕಂದರಾಬಾದಿನಲ್ಲಿ ಸೈನಿಕರೊಬ್ಬರ ನೇಪಾಳಿ ಮೂಲದ ಕುಟುಂಬದಲ್ಲಿ ಹುಟ್ಟಿದವರು. ಅವರೂ 2010ರಲ್ಲಿ ಅಮೆರಿಕದ ಕಾನ್ಸಸ್ ಸಿಟಿಗೂ 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ತಂಡಕ್ಕೂ ಹೋಗಿದ್ದರು; ಅಲ್ಲಿ ಅವರಿಗೆ ದೊರೆತ ಅವಕಾಶವು ಅತ್ಯಲ್ಪ. ಇಲ್ಲಿ ಅನಿವಾರ್ಯವಾದ ಪದವು ಅಲ್ಲಿನ ವಾಕ್ಯದಲ್ಲಿ ಸಲ್ಲಲಿಲ್ಲ. ಇನ್ನೂ ಹಿಂದಕ್ಕೆ ನೋಡಿದರೆ, ಬೆಂಗಳೂರಿನ ಮಣ್ಣಿನಲ್ಲಿ ಬರಿಗಾಲಿನಿಂದ ಆಟ ಕಲಿತ ಅಹ್ಮದ್ ಖಾನರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿ, 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾರಾವ್, ಧನರಾಜ್, ವೆಂಕಟೇಶ್, ಸಾಲೆ ಇವರೊಡನೆ ಅವರನ್ನೂ ಸೇರಿಸಿ ವಂಗದ ಜನರು ಪಂಚಪಾಂಡವರೆಂದು ಕರೆದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದೆದುರು ಭಾರತವು 10-1ರಿಂದ ಸೋತಾಗ ಆ ಒಂದು ಗೋಲು ಅಹ್ಮದ್ ಖಾನರದು. ಕಂಠೀರವದಲ್ಲಿ ಮಿಕು ಹೊಡೆದ ಕೊನೆಯ ಗೋಲಿಗೆ ಇದು ಅಣ್ಣನಂತಿದೆ. ಸೋಲು ನಿಶ್ಚಯವಾದ ಮೇಲೂ ಕಸುಬನ್ನು ಬಿಡದವರ ಗೋಲುಗಳಿವು. ಅಹ್ಮದ್ ಖಾನರು ಬೆಂಗಳೂರಿಗೆ ಮರಳಿ, 2017ರಲ್ಲಿ ಇಲ್ಲಿಯೇ ತೀರಿಕೊಂಡರು. ಮಿಕು ಬಂದುದೂ ಅದೇ ವರ್ಷ. ಅಲ್ಲಿ ನಮ್ಮವನಿಗೆ ಪಾಂಡವರ ಪಟ್ಟ ದೊರೆತುದನ್ನು ನೆನೆದು ಹಿಗ್ಗುವವರು ಇಲ್ಲಿ ಬಂದವನನ್ನು ಬರಿಯ ಕೂಲಿಯವನೆಂದರೆ ನ್ಯಾಯವಾಗದು.

ಆದರೂ ಆಕ್ಷೇಪದಲ್ಲಿ ಒಂದು ಸತ್ಯಾಂಶವಿದೆ; ಅದನ್ನು ಮುಚ್ಚಿಡುವುದು ಸಲ್ಲದು. ತಂಡಗಳು ಗೋಲು ಹೊಡೆಯುವ ನಡುಸ್ಥಾನವನ್ನು ಬಹುಮಟ್ಟಿಗೆ ಪರದೇಶದವರಿಗೇ ಕೊಡುತ್ತ ಬಂದಿರುವುದರಿಂದ ಸ್ವದೇಶದ ತರುಣರು ಆ ಸ್ಥಾನದಲ್ಲಿ ಬೆಳೆಯುವುದು ಕಷ್ಟವಾಗಿದೆ. ಈ ಕಾರಣದಿಂದಲೇ ಕಣದಲ್ಲಿರಬಹುದಾದ ವಿದೇಶೀಯರ ಸಂಖ್ಯೆಯನ್ನು 2017-18ರಲ್ಲಿ ಆರರಿಂದ ಐದಕ್ಕೂ 2021-22ರಲ್ಲಿ ನಾಲ್ಕಕ್ಕೂ ಇಳಿಸಿದರು. ನಿಯಮವು ಒಳ್ಳೆಯದೇ. ಆದರೆ ಖಾಲಿಯಾದ ಎಡೆಗೆ ಕೂಡಿಸಲು ಮನೆಯಲ್ಲಿ ಮಗನು ಬೆಳೆದಿರಬೇಕಷ್ಟೆ! ಕರ್ನಾಟಕದ ಕಾಲ್ಚೆಂಡಿನ ಕೀರ್ತಿಯು ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರಗಳಂಥ ಕೆಲವೇ ಬಡಾವಣೆಗಳ ಬಲದ ಮೇಲೆ ನಿಂತಿದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಹುಡುಗನಿಗೆ ಮಿಕು ಅವರ ಆಟವು ದೂರದರ್ಶನದ ಪರದೆಯಲ್ಲಿ ಕಂಡ ಮಾತ್ರಕ್ಕೆ ವಿದ್ಯೆಯು ಕೈಗೆ ಬಾರದು. ಶಾಲೆಯ ಬಯಲೂ ಒಂದು ಚೆಂಡೂ ಸಂಜೆ ಒಂದು ಗಳಿಗೆ ನಿಂತು ತಿದ್ದುವ ಉಪಾಧ್ಯಾಯನೂ ಬೇಕು. ಇವಿಲ್ಲದಿದ್ದರೆ ಮಿಕು ಬಂದರೂ ನಷ್ಟ, ಬಾರದಿದ್ದರೂ ನಷ್ಟ.

ಮಿಕು ಅವರು 2019ರಲ್ಲಿ ಬೆಂಗಳೂರನ್ನು ಬಿಟ್ಟರು. ಮುಂದೆ ಸ್ಪೇನಿಗೆ ಮರಳಿ ಡೆಪೊರ್ಟಿವೊ ಲಾ ಕೊರುನ್ಯ ತಂಡಕ್ಕಾಗಿ ಅಲ್ಲಿನ ಮೂರನೆಯ ದರ್ಜೆಯಲ್ಲಿ ಆಡಿದರು. ಅವರಿಂದ ಬೆಂಗಳೂರಿಗೆ ಸಂದುದು ಎರಡು ಋತುಗಳು, ಎರಡು ಕಪ್ಪುಗಳು, ಭುವನೇಶ್ವರದ ಒಂದು ಸಂಜೆ. ಎರವಲು ಪದಗಳಿಂದ ಯಾವ ಭಾಷೆಯೂ ಬಡವಾದುದಿಲ್ಲ. ಆಡುವ ಮಕ್ಕಳು ಸ್ವಂತ ವಾಕ್ಯವನ್ನು ಕಟ್ಟುವುದನ್ನು ಮರೆತಾಗ ಮಾತ್ರ ಅದು ಬಡವಾಗುವುದು. ಬಂದ ಪದವು ತನ್ನ ಕೆಲಸವನ್ನು ಮಾಡಿ ಹೋಯಿತು. ಇನ್ನುಳಿದ ವಾಕ್ಯವನ್ನು ಪೂರೈಸುವ ಹೊಣೆಯು ನಾಡಿನ ಶಾಲೆಗಳ ಬಯಲಿನದು.