ಮೂರನೆಯ ಪುಟದ ಜನ

ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಹೇಳುವವರು 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ದಿಂದ ಮೊದಲುಮಾಡಿ, ಮರುವರ್ಷ ಅದು ಮೊಳೆಯಚ್ಚಿನ ಅನುಕೂಲವನ್ನರಸಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾದುದನ್ನು ತಿಳಿಸಿ, 1921ರಲ್ಲಿ ಧಾರವಾಡದಲ್ಲಿ ಹುಟ್ಟಿದ ‘ಕರ್ಮವೀರ’ವನ್ನು ಕೊಂಡಾಡಿ, ಸಂಪಾದಕರ ತ್ಯಾಗ, ದೇಶಾಭಿಮಾನ, ಲೇಖನಶಕ್ತಿಗಳನ್ನು ಯೋಗ್ಯವಾಗಿಯೇ ಸ್ತುತಿಸುವರು. ಆದರೆ ಆ ಮೊದಲ ಪತ್ರಿಕೆಗಾಗಿ ಕಲ್ಲಚ್ಚಿನ ಅಕ್ಷರಗಳನ್ನು ಬರೆದ ಕೈಯನ್ನು ಕುರಿತು ಒಂದು ವಾಕ್ಯವನ್ನಾದರೂ ನಾನು ಓದಿದ ನೆನಪಿಲ್ಲ. ನಾನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಅಂಥ ಕೈಗಳ ಕೆಲಸವನ್ನು. ಅದೂ ರಾಜಧಾನಿಯ ಪತ್ರಿಕೆಯದಲ್ಲ, ಮಲೆನಾಡಿನ ತಾಲ್ಲೂಕು ಪೇಟೆಯೊಂದರಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮೊಳೆಯಚ್ಚಿನ ಕಾಲದಲ್ಲಿ ಗುರುವಾರಕ್ಕೊಮ್ಮೆ ಹೊರಡುತ್ತಿದ್ದ ನಾಲ್ಕು ಪುಟದ ವಾರಪತ್ರಿಕೆಯದು. ಶಾಲೆಯ ಕೆಲಸ ಮುಗಿಸಿ ಸಂಜೆ ಅಲ್ಲಿ ಪ್ರೂಫು ತಿದ್ದುತ್ತಿದ್ದವನಾದುದರಿಂದ ನನ್ನ ತೀರ್ಪಿನಲ್ಲಿ ಅಭಿಮಾನ ಬೆರೆತಿರಬಹುದು.

ಮೊದಲನೆಯ ಪುಟದಲ್ಲಿ ಮಂತ್ರಿಗಳ ಪ್ರವಾಸ, ಎರಡನೆಯದರಲ್ಲಿ ಅಗ್ರಲೇಖನ, ಮೂರನೆಯದರಲ್ಲಿ ಊರೂರುಗಳ ಸಣ್ಣ ಸುದ್ದಿ, ನಾಲ್ಕನೆಯದರಲ್ಲಿ ಜಾಹೀರಾತು, ಕೋರ್ಟಿನ ಹರಾಜು ನೋಟೀಸು, ಅಡಕೆಯ ಧಾರಣೆ. ಅಗ್ರಲೇಖನವು ದೊಡ್ಡ ಪತ್ರಿಕೆಗಳ ಧ್ವನಿಯನ್ನು ಎರವಲು ತಂದು, ಲೋಕದ ಯುದ್ಧ ಶಾಂತಿಗಳನ್ನು ಕುರಿತು ಉಪದೇಶಿಸುತ್ತಿತ್ತು; ಅದನ್ನು ಓದಿ ಊರಿನಲ್ಲಿ ಯಾರೂ ಚರ್ಚಿಸಿದ್ದನ್ನು ನಾನು ಕೇಳಲಿಲ್ಲ. ಪತ್ರಿಕೆಯ ಪ್ರಾಣವಿದ್ದುದು ಮೂರನೆಯ ಪುಟದಲ್ಲಿ. ಆ ಪುಟವನ್ನು ನಿರ್ಮಿಸಿದವರ ಹೆಸರು ಮಾತ್ರ ಪತ್ರಿಕೆಯ ಯಾವ ಪುಟದಲ್ಲಿಯೂ ಇರಲಿಲ್ಲ. 1956ರ ನಿಯಮಾವಳಿಯ ಪ್ರಕಾರ ಪ್ರತಿವರ್ಷವೂ ಫೆಬ್ರವರಿ ಕಳೆದ ಮೇಲಿನ ಮೊದಲ ಸಂಚಿಕೆಯಲ್ಲಿ ನಾಲ್ಕನೆಯ ನಮೂನೆಯ ಘೋಷಣೆಯನ್ನು ಅಚ್ಚುಹಾಕತಕ್ಕದ್ದಾಗಿತ್ತು: ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಮಾಲೀಕರು ಯಾರು. ನಾಲ್ಕು ಪ್ರಶ್ನೆಗಳಿಗೂ ನಮ್ಮಲ್ಲಿ ಒಂದೇ ಹೆಸರು ಉತ್ತರವಾಗಿತ್ತು. ಆ ಹೆಸರನ್ನು ನಾಲ್ಕು ಸಲ ಜೋಡಿಸುತ್ತಿದ್ದವರು ಮಾತ್ರ ಬೇರೊಬ್ಬರು.

ಆ ಕಂಪೋಸಿಟರರು ಓದಿದ್ದು ಮಾಧ್ಯಮಿಕ ಶಾಲೆಯ ಮಟ್ಟಿಗೆ. ಆದರೆ ಕನ್ನಡದ ಶಬ್ದವೊಂದರ ತೂಕವನ್ನು ಅವರಷ್ಟು ಬಲ್ಲವರನ್ನು ನಾನು ಪಂಡಿತರಲ್ಲಿಯೂ ವಿರಳವಾಗಿ ಕಂಡಿದ್ದೇನೆ. ಏಕೆಂದರೆ ಅವರ ಪಾಲಿಗೆ ಶಬ್ದವೆಂಬುದು ಬೆರಳಿಗೆ ತಗಲುವ ಸೀಸದ ವಸ್ತುವಾಗಿತ್ತು. ಇಂಗ್ಲಿಷಿನ ಕೇಸಿಗಿಂತ ಕನ್ನಡದ ಕೇಸಿಗೆ ಖಾನೆಗಳು ಎಷ್ಟೋ ಪಾಲು ಹೆಚ್ಚು. ಗುಣಿತಾಕ್ಷರಕ್ಕೆ ಬೇರೆ, ಒತ್ತಿಗೆ ಬೇರೆ. ಎಡಗೈಯಲ್ಲಿ ಸ್ಟಿಕ್ಕನ್ನು ಹಿಡಿದು, ಬಲಗೈಯ ಬೆರಳುಗಳಿಂದ ನೋಡದೆಯೇ ಮೊಳೆಗಳನ್ನು ಆರಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಸಾಲನ್ನು ಸರಾಗವಾಗಿ ಓದುತ್ತ, ತಪ್ಪಿದ್ದಲ್ಲಿ ಚಿಮಟದಿಂದ ಕಿತ್ತು ಬೇರೆಯದನ್ನು ಕೂಡಿಸುತ್ತಿದ್ದ ಆ ಕೈಚಳಕವನ್ನು ನಾನು ದಿನಗಟ್ಟಲೆ ನೋಡಿದ್ದೇನೆ. ಜಾತ್ರೆಯ ಕಾಲ ಬಂತೆಂದರೆ ಷಷ್ಠಿ, ಪ್ರತಿಷ್ಠೆ, ಶ್ರೇಷ್ಠ, ಜ್ಯೇಷ್ಠಗಳು ಒಂದೇ ಪುಟಕ್ಕೆ ನುಗ್ಗಿ ಠಕಾರದ ಒತ್ತು ಬರಿದಾಗುತ್ತಿತ್ತು. ಹೊಸ ಮೊಳೆ ತರಿಸಲು ಹಣವಿಲ್ಲ. ಹಳೆಯ ಪುಟವನ್ನು ಬಿಡಿಸಿ ಖಾನೆಗೆ ತುಂಬಲು ಹೊತ್ತಿಲ್ಲ. ಅಂಥ ಒಂದು ಬುಧವಾರ ರಾತ್ರಿ ಅವರು ಕೇಸಿನಿಂದ ತಲೆಯೆತ್ತದೆ, “ಮೇಷ್ಟ್ರೇ, ಒತ್ತು ಮುಗೀತು. ‘ಜ್ಯೇಷ್ಠ ಪುತ್ರ’ ಬದಲು ‘ಹಿರೀ ಮಗ’ ಅಂದ್ರೆ ಆಗೋದಿಲ್ವಾ?” ಎಂದು ಕೇಳಿದರು. ಆಗದೆ ಏನು? ಮದುವೆಯ ಆ ಸುದ್ದಿ ಹಗುರವಾಗಿ, ಮನೆಯ ಹಿರಿಯರು ಜಗುಲಿಯಲ್ಲಿ ಕುಳಿತು ಹೇಳಿದಂತಾಯಿತು. ಮೊಳೆಗಳ ಬಡತನದಿಂದ ಬಂದ ಆ ಮಿತವ್ಯಯವು ಕ್ರಮೇಣ ಮೂರನೆಯ ಪುಟದ ಶೈಲಿಯೇ ಆಯಿತೆಂದೂ, ಆ ಶೈಲಿಯ ಕರ್ತೃ ಸಂಪಾದಕರಲ್ಲ, ಕಂಪೋಸಿಟರರೆಂದೂ ನಾನು ನಿಸ್ಸಂದೇಹವಾಗಿ ಹೇಳಬಲ್ಲೆ.

ಹಳ್ಳಿಗಳ ಬಾತ್ಮೀದಾರರ ವಿಷಯದಲ್ಲಿ ನನ್ನ ಹೊಗಳಿಕೆ ಇಷ್ಟು ನಿರ್ಬಾಧವಾದುದಲ್ಲ. ಅವರಲ್ಲಿ ಶಾಲಾ ಉಪಾಧ್ಯಾಯರಿದ್ದರು, ಸೊಸೈಟಿಯ ಗುಮಾಸ್ತರಿದ್ದರು, ದಿನಸಿ ಅಂಗಡಿಯವರಿದ್ದರು. ಗೆರೆ ಹಾಕಿದ ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಸಂಜೆಯ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟು ಕಳುಹಿಸುತ್ತಿದ್ದರು. ಒಂದು ಮಳೆಗಾಲದಲ್ಲಿ ಹಾಗೆ ಬಂದ ಕಾಗದವೊಂದು ನನ್ನ ನೆನಪಿನಲ್ಲಿ ಅಚ್ಚೊತ್ತಿದಂತಿದೆ. ಹಳ್ಳದ ಕಾಲುಸಂಕ ಯಾವ ರಾತ್ರಿ ಕೊಚ್ಚಿಹೋಯಿತು, ಅಂದಿನಿಂದ ಹದಿನಾಲ್ಕು ಮಕ್ಕಳು ಯಾರ ತೋಟದ ಬೇಲಿಯನ್ನು ದಾಟಿ, ಎಷ್ಟು ದೂರ ಸುತ್ತಿ ಶಾಲೆಗೆ ಬರುತ್ತಿದ್ದಾರೆ, ಸಂಕಕ್ಕೆ ಬೇಕಾದ ಮರದ ದಿಮ್ಮಿಗಳು ಯಾರ ಅನುಮತಿಗಾಗಿ ರಸ್ತೆಯ ಬದಿಯಲ್ಲಿ ಬಿದ್ದಿವೆ ಎಂಬುದೆಲ್ಲ ಅದರಲ್ಲಿತ್ತು. ಇದಕ್ಕಿಂತ ಉತ್ತಮವಾದ ವರದಿಯನ್ನು ಯಾವ ದೊಡ್ಡ ಪತ್ರಿಕೆಯವರು ಬರೆದಾರು? ಆದರೆ ಅಚ್ಚಾಗಿ ಬಂದುದರಲ್ಲಿ ಬೇಲಿಯಿರಲಿಲ್ಲ, ಹದಿನಾಲ್ಕೆಂಬ ಸಂಖ್ಯೆಯಿರಲಿಲ್ಲ, ದಿಮ್ಮಿಗಳಿರಲಿಲ್ಲ. ‘ಸಾರ್ವಜನಿಕರಿಗೆ ತೀವ್ರ ತೊಂದರೆಯಾಗಿದೆ, ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸುವರೇ?’ ಎಂಬ ಎಂದಿನ ವಾಕ್ಯವಿತ್ತು.

ಸಣ್ಣ ಊರಿನ ವಾರಪತ್ರಿಕೆಗಳ ಮೇಲೆ ನನಗಿರುವ ಮುಖ್ಯ ಆಕ್ಷೇಪಣೆ ಈ ವಾಕ್ಯದ ಮೇಲಿನದು. ಸಂಬಂಧಪಟ್ಟ ಅಧಿಕಾರಿ ಯಾರೆಂಬುದನ್ನು ಬರೆದವರೂ ಬಲ್ಲರು, ತಿದ್ದಿದವರೂ ಬಲ್ಲರು, ಓದುವವರೂ ಬಲ್ಲರು. ಅವರು ನಿತ್ಯ ಚಹಾ ಕುಡಿಯುವ ಹೋಟೆಲು ಕೂಡ ಎಲ್ಲರಿಗೂ ಗೊತ್ತು. ಇಷ್ಟು ಹತ್ತಿರದ ತಿಳಿವಳಿಕೆಯೇ ಸಣ್ಣ ಪತ್ರಿಕೆಯ ಏಕಮಾತ್ರ ಐಶ್ವರ್ಯವಾಗಿರಲು, ಅದನ್ನೇ ಬಚ್ಚಿಟ್ಟು ದೂರದವರ ಹಾಗೆ ಮಾತನಾಡುವುದು ತನ್ನ ಗದ್ದೆಯ ಭತ್ತವನ್ನು ಕಣಜದಲ್ಲಿ ಕೊಳೆಯಲು ಬಿಟ್ಟು ಪೇಟೆಯಿಂದ ಅಕ್ಕಿ ತಂದಂತೆ. ಸಂಪಾದಕರ ಕಷ್ಟವನ್ನು ನಾನು ಅರಿಯದವನಲ್ಲ. ನಾಳೆ ಬೆಳಗ್ಗೆ ಅದೇ ಅಧಿಕಾರಿಯ ಎದುರಿಗೆ ನಿಲ್ಲಬೇಕಾದವರು ಅವರು; ಹರಾಜಿನ ನೋಟೀಸು, ಸಹಕಾರ ಸಂಘದ ಜಾಹೀರಾತು, ಹಬ್ಬದ ಶುಭಾಶಯದ ಪುಟ ಇವುಗಳಿಂದಲೇ ಕಾಗದ ಕೊಳ್ಳಬೇಕಾದವರು. ಆದರೂ ಹೆಸರೆತ್ತುವ ಅಗತ್ಯವೇ ಇರಲಿಲ್ಲವಲ್ಲ! ಹದಿನಾಲ್ಕು ಮಕ್ಕಳು ಎಂದಷ್ಟೇ ಬರೆದಿದ್ದರೆ ಸಾಕಾಗಿತ್ತು. ಸಂಖ್ಯೆಯ ಮೇಲೆ ಯಾರೂ ಮುನಿಯಲಾರರು. ಡಿ.ವಿ.ಜಿ.ಯವರು ‘ವೃತ್ತಪತ್ರಿಕೆ’ ಎಂಬ ಹೆಸರಿನಲ್ಲಿಯೇ ಗ್ರಂಥವೊಂದನ್ನು ಬರೆದು ಈ ವೃತ್ತಿಯ ಧರ್ಮವನ್ನು ಗಂಭೀರವಾಗಿ ವಿಚಾರಿಸಿದ ನಾಡಿನಲ್ಲಿ, ಬಾತ್ಮೀದಾರರಿಗೆ ವಾರಕ್ಕೊಂದು ಉಚಿತ ಪ್ರತಿಯ ಹೊರತು ಬೇರೇನೂ ಸಲ್ಲದಿದ್ದುದೂ, ಕಂಪೋಸಿಟರರ ಸಂಬಳ ಚಂದಾಹಣ ಬಂದಾಗ ಬಂದಷ್ಟು ಎಂಬಂತಿದ್ದುದೂ ನನ್ನನ್ನು ಈಗಲೂ ನೋಯಿಸುತ್ತವೆ.

ಮುಂದೆ ಕಂಪ್ಯೂಟರು ಬಂತು. ಟ್ರೆಡಲ್ ಯಂತ್ರ ಗುಜರಿಗೆ ಹೋಯಿತು. ಠಕಾರದ ಒತ್ತಿಗೆ ಬರವಿಲ್ಲದಂತಾಗಿ ‘ಶ್ರೇಷ್ಠ’ರು ಹೆಚ್ಚಿದರು. ಅದರ ಕಥೆ ಬೇರೆಯದು.

ಇನ್ನೊಬ್ಬರ ಮಾತು ಉಳಿಯಿತು. ಗುರುವಾರ ಬೆಳಗ್ಗೆ ಪ್ರತಿಗಳನ್ನು ಮಡಿಚಿ, ಮೈದಾ ಅಂಟಿನಿಂದ ಪಟ್ಟಿಯಂಟಿಸಿ, ವಿಳಾಸ ಬರೆದು, ಅಂಚೆಯ ಚೀಲ ಕಟ್ಟುವುದಕ್ಕೆ ಮುಂಚೆ ಕಚೇರಿಗೆ ಮುಟ್ಟಿಸುತ್ತಿದ್ದ ವೃದ್ಧರೊಬ್ಬರಿದ್ದರು. ಚಂದಾದಾರರ ವಹಿ ಅವರ ವಶದಲ್ಲಿತ್ತು. ಒಮ್ಮೆ ದೂರದ ಹಳ್ಳಿಯೊಂದರಿಂದ ಪ್ರತಿಯೊಂದು ಹಿಂದಿರುಗಿ ಬಂತು. ಪಟ್ಟಿಯ ಮೇಲೆ ಅಂಚೆಯವರು ಶಾಯಿಯಿಂದ ‘ವಿಳಾಸದಾರರು ತೀರಿಕೊಂಡಿದ್ದಾರೆ’ ಎಂದು ಬರೆದಿದ್ದರು. ನಮ್ಮ ಬಾತ್ಮೀದಾರರಿಂದ ಆ ಸುದ್ದಿ ಬಂದಿರಲಿಲ್ಲ. ವೃದ್ಧರು ಕನ್ನಡಕವನ್ನು ಹಣೆಗೇರಿಸಿ ಆ ಪಟ್ಟಿಯನ್ನು ಎರಡು ಸಲ ಓದಿ, ಎದ್ದುಹೋಗಿ ಅದನ್ನು ಕಂಪೋಸಿಟರರ ಕೇಸಿನ ಮೇಲಿಟ್ಟರು. ಅವರು ಯಾರ ಅಪ್ಪಣೆಯನ್ನೂ ಕೇಳದೆ ಮುಂದಿನ ವಾರದ ಮೂರನೆಯ ಪುಟಕ್ಕೆ ಎರಡು ಸಾಲು ಜೋಡಿಸಿದರು: ಹೆಸರು, ಊರು, ಪತ್ರಿಕೆಯ ಮೊದಲ ಸಂಚಿಕೆಯಿಂದಲೂ ಚಂದಾದಾರರಾಗಿದ್ದರೆಂಬ ಸಂಗತಿ. ವೃದ್ಧರು ವಹಿಯನ್ನು ತೆರೆದು, ಆ ಹೆಸರನ್ನು ಹೊಡೆದುಹಾಕದೆ, ಅದರ ಮುಂದೆ ಪೆನ್ಸಿಲಿನಿಂದ ಮಗನ ಹೆಸರನ್ನು ಬರೆದು ಆ ವಾರದ ಪ್ರತಿಯನ್ನು ಅದೇ ವಿಳಾಸಕ್ಕೆ ಅಂಚೆಗೆ ಹಾಕಿದರು.