ಯಾರ ಹೆಸರು ಇದು?

ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಗೆಳತಿಯ ಕ್ಲಾಸಿನಲ್ಲಿ ಮೊನ್ನೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವಳು ಬೋರ್ಡಿನ ಮೇಲೆ ‘ಹೀಲಾ’ ಎಂದು ಬರೆದು, ಯಾರ ಹೆಸರು ಇದು ಎಂದಳು. ಯಾವುದೋ ರಾಸಾಯನಿಕ ಇರಬೇಕೆಂದು ಮಕ್ಕಳ ಊಹೆ.

‘ಹೀಲಾ’ ಎಂಬುದು ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಸರನ್ನು ಮೊಟಕು ಮಾಡಿ ಆಕೆಯ ಕೋಶಗಳಿಗೆ ಇಟ್ಟ ಹೆಸರು ಎಂದಳು ಗೆಳತಿ. ಆಕೆ ಐದು ಮಕ್ಕಳ ತಾಯಿ, ಆಫ್ರಿಕನ್ ಅಮೆರಿಕನ್ ಹೆಂಗಸು. 1951ರಲ್ಲಿ ಗರ್ಭಕಂಠದ ಕ್ಯಾನ್ಸರ್‌ಗೆಂದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಾಗ, ಆಕೆಯನ್ನು ಒಂದು ಮಾತೂ ಕೇಳದೆ ತೆಗೆದ ಗಡ್ಡೆಯ ಚೂರು ಜಾರ್ಜ್ ಗೈ ಅವರ ಪ್ರಯೋಗಾಲಯ ಸೇರಿತು. ಬೇರೆಯವರ ಕೋಶಗಳು ಅಲ್ಲಿ ಬೇಗನೆ ಸಾಯುತ್ತಿದ್ದವು. ಇವು ಹೆಚ್ಚುಕಡಿಮೆ ದಿನಕ್ಕೊಮ್ಮೆ ಇಮ್ಮಡಿಯಾದವು. ಆಕೆ ಅದೇ ವರ್ಷ, 31ನೇ ವಯಸ್ಸಿಗೆ ತೀರಿಕೊಂಡಳು. ಕೋಶಗಳು ಪೋಲಿಯೊ ಲಸಿಕೆಯ ಪರೀಕ್ಷೆಗೆ ಒದಗಿದವು, ಬಾಹ್ಯಾಕಾಶಕ್ಕೂ ಹೋಗಿಬಂದವು. ಮನೆಯವರಿಗೆ ವಿಷಯ ತಿಳಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಈ ಕೋಶಗಳಿಂದ ಲಾಭ ಮಾಡಿದ್ದ ಥರ್ಮೊ ಫಿಶರ್ ಕಂಪನಿ ಕುಟುಂಬದೊಡನೆ ರಾಜಿಯಾದದ್ದು 2023ರಲ್ಲಿ.

ಇಷ್ಟು ಹೇಳಿ ಗೆಳತಿ ಸುಮ್ಮನಾದಳು. ಅವಳ ಕಸುಬುಗಾರಿಕೆ ಇರುವುದು ಆ ಸುಮ್ಮನಿರುವುದರಲ್ಲೇ. (ನಾನಾಗಿದ್ದರೆ ಉಪನ್ಯಾಸ ಬಿಗಿಯುತ್ತಿದ್ದೆ.)

“ಕೇಳಿದ್ರೆ ಕೊಡ್ತಿದ್ರೇನೋ, ಕೇಳ್ಬೇಕಿತ್ತಲ್ವಾ ಮಿಸ್?” ಎಂದ ಒಬ್ಬ.

“ಹಾಗಂತ ಪೋಲಿಯೊ ಹನಿ ಬೇಡ ಅಂತೀಯಾ?” ಪಕ್ಕದ ಸಾಲಿನಿಂದ ಹುಡುಗಿಯೊಬ್ಬಳು ತಿರುಗಿದಳು.

ವಾದ ಬೆಲ್ಲು ಹೊಡೆಯುವವರೆಗೂ ನಡೆಯಿತು. ಗೆಳತಿ ಯಾರ ಪಕ್ಷವನ್ನೂ ವಹಿಸಲಿಲ್ಲ. ಕೊನೆಗೆ ಆಸ್ಪತ್ರೆಯ ಒಪ್ಪಿಗೆ ಪತ್ರದ ಜೆರಾಕ್ಸ್ ಪ್ರತಿಗಳನ್ನು ಹಂಚಿ, “ಓದಿ, ಆಮೇಲೆ ಸಹಿ ಹಾಕಿ” ಎಂದಳು.

ಅಷ್ಟರಲ್ಲೇ ಅರ್ಧ ಕ್ಲಾಸು ಸಹಿ ಹಾಕಿಯಾಗಿತ್ತು.