ದಾಖಲೆಯ ಅವಿಭಾಜ್ಯ ಸಂಖ್ಯೆ ಬ್ಯಾಂಕಿನ ಬೀಗವಲ್ಲ

13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ ಅವಿಭಾಜ್ಯವೆಂದು 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಪತ್ತೆಹಚ್ಚಿದರು. ಅದರಲ್ಲಿ 4,10,24,320 ಅಂಕಿಗಳಿವೆ. ಇಂಥ ದಾಖಲೆಯ ಸುದ್ದಿಗೆ ಒಂದು ಮಾತು ಅಂಟಿಕೊಂಡೇ ಬರುತ್ತದೆ: ಇದರಿಂದ ನಮ್ಮ ಬ್ಯಾಂಕ್ ಖಾತೆ ಇನ್ನಷ್ಟು ಭದ್ರ. 1906ರಲ್ಲಿ ಕೆನರಾ, 1924ರಲ್ಲಿ ಕರ್ಣಾಟಕ, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ಮಂಗಳೂರಿನಲ್ಲಾದರೂ ಈ ಮಾತನ್ನು ಪರೀಕ್ಷಿಸದೆ ಒಪ್ಪಬಾರದು. ಅದು ತಪ್ಪು.

ಬ್ಯಾಂಕಿನ ಮಾಹಿತಿಯನ್ನು ಗುಟ್ಟಾಗಿಡುವ ಆರ್‌ಎಸ್‌ಎ ಸಂಕೇತ ಪದ್ಧತಿಯ 2048 ಬಿಟ್ ಕೀಲಿಗೆ ತಲಾ ಸುಮಾರು 309 ಅಂಕಿಗಳ ಎರಡು ಅವಿಭಾಜ್ಯ ಸಂಖ್ಯೆಗಳು ಸಾಕು. ಅವುಗಳ ಗುಣಲಬ್ಧ ಬಹಿರಂಗ, ಆದರೆ ಅವು ಗುಟ್ಟಾಗಿರಬೇಕು. ಲೋಕಕ್ಕೆಲ್ಲ ಗೊತ್ತಿರುವ ಸಂಖ್ಯೆ ಯಾವ ಗುಟ್ಟನ್ನು ಕಾದೀತು? ಕೊರತೆಯಂತೂ ಇಲ್ಲ, ಆ ಗಾತ್ರದಲ್ಲಿ ಸರಾಸರಿ 710 ಸಂಖ್ಯೆಗಳಿಗೊಂದು ಅವಿಭಾಜ್ಯ ಸಿಗುತ್ತದೆ.

ತಪ್ಪಿನ ಬೇರು ನಾವು ಶಾಲೆಯಲ್ಲಿ ಕಲಿಯುವ ವಿಧಾನದಲ್ಲಿದೆ. ಅವಿಭಾಜ್ಯ ಹೌದೋ ಅಲ್ಲವೋ ತಿಳಿಯಲು ಭಾಗಿಸುತ್ತಾ ಹೋಗು ಎನ್ನುತ್ತೇವೆ. ಮಂಗಳೂರಿನ ಕೊಡಿಯಾಲಬೈಲಿನ ಪಿನ್‌ಕೋಡ್ 575003ಕ್ಕೆ ಅಷ್ಟು ಸಾಕು: 11, 13 ಮತ್ತು 4021ರ ಗುಣಲಬ್ಧ ಅದು. ಮುನ್ನೂರು ಅಂಕಿಗಳ ಸಂಖ್ಯೆಯ ಮುಂದೆ ಈ ವಿಧಾನ ಸೋಲುತ್ತದೆ. ಭಾಗಿಸದೆಯೂ ತಿಳಿಯಬಹುದೆಂಬುದೇ ಇಲ್ಲಿನ ಸೊಗಸು. ಒಂದು ಸಂಖ್ಯೆ ಅವಿಭಾಜ್ಯವಾದರೆ, ಅಷ್ಟು ಎರಡುಗಳ ಗುಣಲಬ್ಧದಿಂದ 2 ಕಳೆದದ್ದು ಆ ಸಂಖ್ಯೆಯಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ಇದು ಹದಿನೇಳನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ಕಂಡ ಸತ್ಯ. ಶೇಷ ಉಳಿಯಿತೋ, ಅದು ಅವಿಭಾಜ್ಯವಲ್ಲ. ಅಪವರ್ತನ ಒಂದೂ ಕೈಗೆ ಸಿಗದಿದ್ದರೂ ತೀರ್ಪು ಖಚಿತ. 1277 ಎರಡುಗಳ ಗುಣಲಬ್ಧಕ್ಕಿಂತ ಒಂದು ಕಡಿಮೆಯಿರುವ 385 ಅಂಕಿಗಳ ಸಂಖ್ಯೆಯನ್ನೇ ನೋಡಿ. ಅದು ಒಡೆಯುತ್ತದೆಂದು, ಭಾಗಿಸದೆಯೇ ತಿಳಿಸುವ ಬೇರೊಂದು ಪರೀಕ್ಷೆಯಿಂದ ಸಾಬೀತಾಗಿದೆ. ಎಲ್ಲಿ ಒಡೆಯುತ್ತದೆಂದು ಈವರೆಗೆ ಯಾರಿಗೂ ಗೊತ್ತಿಲ್ಲ. ಬ್ಯಾಂಕಿನ ಭದ್ರತೆ ನಿಂತಿರುವುದು ಈ ಎರಡು ಪ್ರಶ್ನೆಗಳ ನಡುವಿನ ಅಂತರದ ಮೇಲೆ.

2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಯಾವ ಸಂಖ್ಯೆಗಾದರೂ ಸಲ್ಲುವ, ಊಹೆಗೆ ಎಡೆಯಿಲ್ಲದ, ಅಂಕಿಗಳು ಹೆಚ್ಚಿದರೂ ಕೈಮೀರದ ಪರೀಕ್ಷೆಯೊಂದನ್ನು ಕೊಟ್ಟರು. ಅದು ಸಂಕೇತಗಳನ್ನು ಒಡೆಯುವ ಸಾಧನವಲ್ಲ, ಏಕೆಂದರೆ ಅದು ಅಪವರ್ತನಗಳನ್ನು ಕೊಡುವುದೇ ಇಲ್ಲ. ಕೀಲಿ ತಯಾರಿಸುವ ತಂತ್ರಾಂಶಗಳೂ ಸಾಮಾನ್ಯವಾಗಿ ಅದಕ್ಕಿಂತ ವೇಗದ ಮಿಲ್ಲರ್-ರಾಬಿನ್ ಪರೀಕ್ಷೆಯನ್ನೇ ಬಳಸುತ್ತವೆ. ಆದರೂ ಅದು ನಮ್ಮ ದೇಶದ ಗಣಿತದ ದೊಡ್ಡ ಗೆಲುವು, ಅದೂ ಬ್ಯಾಂಕಿನ ನೆಪ ಬೇಡದ ಗೆಲುವು.

ಉಪಯೋಗ ಹೇಳದಿದ್ದರೆ ಮಕ್ಕಳು ಕಿವಿಗೊಡುವುದಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸುರತ್ಕಲ್ಲಿನ ಎನ್‌ಐಟಿಕೆಯವರೆಗೆ ಕಾಯಬೇಕಿಲ್ಲ, ಹೈಸ್ಕೂಲಿನ ಕರಿಹಲಗೆಯ ಮೇಲೆ ಲೂಕಾಸ್-ಲೆಹ್ಮರ್ ಪರೀಕ್ಷೆ ಮಾಡಿ ತೋರಿಸಿ. 31 ಎಂದರೆ ಐದು ಎರಡುಗಳ ಗುಣಲಬ್ಧಕ್ಕಿಂತ ಒಂದು ಕಡಿಮೆ. 4ರಿಂದ ಹೊರಡಿ, ವರ್ಗ ಮಾಡಿ, 2 ಕಳೆಯಿರಿ, 31ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. 14, 8, 0. ಐದಕ್ಕೆ ಎರಡು ಕಡಿಮೆ, ಅಂದರೆ ಮೂರನೇ ಹೆಜ್ಜೆಗೆ ಸೊನ್ನೆ ಬಂತು; ಆದ್ದರಿಂದ 31 ಅವಿಭಾಜ್ಯ. ಡ್ಯುರಾಂಟ್ ಅವರ ಸಂಖ್ಯೆಯನ್ನು ಖಚಿತಪಡಿಸಿದ್ದೂ ಇದೇ ಲೆಕ್ಕ, ಅಲ್ಲಿ ಹೆಜ್ಜೆಗಳು 13,62,79,839.